ಎಲುಬು ತಿನ್ನುವ ಗುಳಿಗೆ ಯಾವುದು?

ಪ್ರಶ್ನೆ: ನಾನು ಹುಮನಾಬಾದ್ ತಾಲೂಕಿನವಳು, 61 ವರ್ಷ, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ಹತ್ತು ವರ್ಷದಿಂದ ಶುಗರ್ ಇದೆ. ಎರಡು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಒಂದು ಸ್ಟೆಂಟ್ ಹಾಕಿದರು. ಅಂದಿನಿಂದ ಕೊಲೆಸ್ಟ್ರಾಲ್ ಇಳಿಸುವ ಅಟೊರ್ವಾಸ್ಟಾಟಿನ್ 40 ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದೆ. ಕಳೆದ ಶ್ರಾವಣದಲ್ಲಿ ಬಚ್ಚಲಲ್ಲಿ ಜಾರಿ ಕೈಯೂರಿದ್ದಷ್ಟೇ, ಬಲಗೈ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಬಿಚ್ಚಿದ ಮೇಲೆ ನಮ್ಮ ಓಣಿಯವರೊಬ್ಬರು ವಾಟ್ಸ್‌ಆ್ಯಪಿನಲ್ಲಿ ಬಂದದ್ದು ತೋರಿಸಿದರು. "ಕೊಲೆಸ್ಟ್ರಾಲ್ ಗುಳಿಗಿ ತಗೊಂಡರ ಎಲುವು ಟೊಳ್ಳ ಆಗ್ತಾವಂತ ಅಕ್ಕೋರೆ, ಡೋಸ್ ಜಾಸ್ತಿ ಇದ್ದಷ್ಟು ಲುಕ್ಸಾನ ಜಾಸ್ತಿಯಂತ" ಅಂದರು. ಏಳು ವಾರದಿಂದ ಬಿಟ್ಟಿದ್ದೇನೆ. 64 ಇದ್ದ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಈಗ 138. ತೊಡೆಯಲ್ಲಿ ಶಕ್ತಿ ಇಲ್ಲ, ನೆಲದ ಮೇಲೆ ಕೂತರೆ ಏಳಲು ಯಾರಾದರೂ ಕೈ ಕೊಡಬೇಕು; ಗುಳಿಗೆ ಬಿಟ್ಟ ಮೇಲೂ ಅದು ಹಾಗೇ ಇದೆ. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 7.1 ಇದ್ದದ್ದು 8.9ಕ್ಕೆ ಹೋಗಿದೆ. ಮಂಡಿನೋವಿಗೆ ಮಾತ್ರ ಒಂದೂವರೆ ವರ್ಷದಿಂದ ಊರಲ್ಲೇ ಒಬ್ಬರು ಕೊಡುವ ಪುಡಿಕೆ ಗುಳಿಗೆಯಿಂದ ಆರಾಮ ಇದೆ. ನಾನು ಹೃದಯ ಉಳಿಸಿಕೊಳ್ಳಲೋ, ಎಲುಬು ಉಳಿಸಿಕೊಳ್ಳಲೋ? ಇನ್ನೊಂದು ಸಣ್ಣ ಪ್ರಶ್ನೆ: ಈ ಗುಳಿಗೆಯನ್ನು ರಾತ್ರಿಯೇ ನುಂಗಬೇಕೆ?

ಉತ್ತರ: ಅಕ್ಕೋರೆ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಕಣ್ಣು ನಿಂತದ್ದು ಕೊಲೆಸ್ಟ್ರಾಲ್ ಗುಳಿಗೆಯ ಮೇಲೆ. ಎರಡನೇ ಸಲ ನಿಂತದ್ದು ಮಂಡಿನೋವಿನ ಪುಡಿಕೆಯ ಮೇಲೆ, ನೀವು "ಮಾತ್ರ ಆರಾಮ ಇದೆ" ಎಂದು ಒಂದೇ ಸಾಲಿನಲ್ಲಿ ದಾಟಿಸಿದ ಆ ಪುಡಿಕೆಯ ಮೇಲೆ. ಅದಕ್ಕೆ ಆಮೇಲೆ ಬರುತ್ತೇನೆ, ಯಾಕೆಂದರೆ ಮೊದಲು ಹೇಳಬೇಕಾದ್ದು ಬೇರೆ ಇದೆ.

ಸ್ಟೆಂಟ್ ಹಾಕಿಸಿಕೊಂಡವರ ಎಲ್‌ಡಿಎಲ್ 70ರ ಒಳಗೆ, ಸಾಧ್ಯವಾದರೆ 55ರ ಒಳಗೆ ಇರಬೇಕು. ನಿಮ್ಮದು 64ರಲ್ಲಿತ್ತು, ಏಳು ವಾರದಲ್ಲಿ ದುಪ್ಪಟ್ಟಾಗಿದೆ. ಈ ವಾರವೇ ನಿಮ್ಮ ಹೃದಯದ ಡಾಕ್ಟರಿಗೆ ಫೋನ್ ಮಾಡಿ, ಬಿಟ್ಟಿದ್ದೇನೆ ಎಂದು ಮುಚ್ಚುಮರೆ ಇಲ್ಲದೆ ಹೇಳಿ, ಮತ್ತೆ ಶುರು ಮಾಡುವ ಮಾತಾಡಿ. ಅವರು ಬೈಯಬಹುದು, ಬೈಸಿಕೊಳ್ಳಿ. ಇದರ ಜೊತೆಗೆ ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಆಸ್ಪಿರಿನ್, ಕ್ಲೊಪಿಡೊಗ್ರೆಲ್‌ನಂಥ ಗುಳಿಗೆಗಳನ್ನೂ ಬಿಟ್ಟಿದ್ದರೆ ವಾರ ಕಾಯಬೇಡಿ, ಇವತ್ತೇ ಕೇಳಿ. ಎದೆ ಹಿಡಿದಂತಾದರೆ, ಏದುಸಿರು ಬಂದರೆ ಫೋನೂ ಬೇಡ, ಸೀದಾ ಆಸ್ಪತ್ರೆ.

ಈಗ ಆ ವಾಟ್ಸ್‌ಆ್ಯಪ್ ಸುದ್ದಿ. ಅದು ಪೂರ್ತಿ ಕಟ್ಟುಕಥೆ ಅಲ್ಲ, ಅದಕ್ಕೊಂದು ಮೂಲ ಇದೆ. 2019ರಲ್ಲಿ ವಿಯೆನ್ನಾದ ವೈದ್ಯಕೀಯ ವಿಶ್ವವಿದ್ಯಾಲಯದವರು ಆಸ್ಟ್ರಿಯಾದ ಸುಮಾರು 79 ಲಕ್ಷ ಜನರ ವಿಮಾ ದಾಖಲೆಗಳನ್ನು ಜಾಲಾಡಿದರು. ಕಡಿಮೆ ಡೋಸ್ ಸ್ಟಾಟಿನ್ (ನಿಮ್ಮ ಅಟೊರ್ವಾಸ್ಟಾಟಿನ್ ಸೇರಿದ ಕೊಲೆಸ್ಟ್ರಾಲ್ ಗುಳಿಗೆಗಳ ಗುಂಪು) ತಗೊಳ್ಳುವವರಲ್ಲಿ ಎಲುಬು ಸವೆತದ ಕಾಯಿಲೆ ಕಡಿಮೆ ಕಂಡಿತು, ಹೆಚ್ಚು ಡೋಸಿನವರಲ್ಲಿ ಹೆಚ್ಚು ಕಂಡಿತು. ಅಟೊರ್ವಾಸ್ಟಾಟಿನ್ 20 ದಾಟಿದವರು ಆ "ಹೆಚ್ಚು" ಗುಂಪಿನಲ್ಲಿದ್ದರು. ನಿಮ್ಮದು 40. ಹೆದರಿಕೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ದಾಖಲೆ ನೋಡಿ ಲೆಕ್ಕ ಹಾಕುವುದಕ್ಕೂ ಗುಳಿಗೆ ಕೊಟ್ಟು ಪರೀಕ್ಷಿಸುವುದಕ್ಕೂ ಬಹಳ ಅಂತರ. ಹೆಚ್ಚು ಡೋಸ್ ಯಾರಿಗೆ ಬರೆಯುತ್ತೇವೆ? ಹಾರ್ಟ್ ಅಟ್ಯಾಕ್ ಆದವರಿಗೆ, ಶುಗರ್ ಇದ್ದವರಿಗೆ, ವಯಸ್ಸಾದವರಿಗೆ. ಇವರ ಓಡಾಟ ಕಡಿಮೆ, ಬಿಸಿಲಿಗೆ ಬೀಳುವುದು ಕಡಿಮೆ, ಬೇರೆ ಔಷಧಿಗಳ ಹೊರೆ ಹೆಚ್ಚು. ಪದೇ ಪದೇ ಡಾಕ್ಟರ್ ಹತ್ತಿರ ಹೋಗುವುದರಿಂದ ಇದ್ದ ಕಾಯಿಲೆ ಬೇಗ ಪತ್ತೆಯೂ ಆಗುತ್ತದೆ. ಇಂಥವರ ಎಲುಬು ಸವೆದಿದ್ದರೆ ಅದನ್ನು ಗುಳಿಗೆ ಸವೆಸಿತೋ ಬದುಕು ಸವೆಸಿತೋ ಎಂದು ದಾಖಲೆ ಹೇಳಲಾರದು.

ಅದನ್ನು ತಿಳಿಯಬೇಕೆಂದರೆ ಚೀಟಿ ಎತ್ತಿದ ಹಾಗೆ ಜನರನ್ನು ಎರಡು ಭಾಗ ಮಾಡಿ, ಅರ್ಧ ಜನಕ್ಕೆ ನಿಜವಾದ ಗುಳಿಗೆ, ಅರ್ಧ ಜನಕ್ಕೆ ಖಾಲಿ ಗುಳಿಗೆ ಕೊಟ್ಟು, ಯಾರಿಗೆ ಯಾವುದೆಂದು ಯಾರಿಗೂ ಹೇಳದೆ ನೋಡಬೇಕು. ಜುಪಿಟರ್ ಎಂಬ ಪ್ರಯೋಗದಲ್ಲಿ 17,802 ಜನರನ್ನು ಹೀಗೆ ನೋಡಿದರು. ರೋಸುವಾಸ್ಟಾಟಿನ್ 20 ಕೊಟ್ಟವರಲ್ಲಿ 221 ಜನರ ಮೂಳೆ ಮುರಿದಿತ್ತು, ಖಾಲಿ ಗುಳಿಗೆಯವರಲ್ಲಿ 210. ಈ ಅಂತರ ಅಂತರವೇ ಅಲ್ಲ. ಆದರೆ ಆ ಪ್ರಯೋಗ ಎರಡು ವರ್ಷದಷ್ಟಕ್ಕೇ ನಿಂತಿತ್ತು, ಎಲುಬಿನ ಲೆಕ್ಕಕ್ಕೆ ಅದು ಸಾಲದು ಎಂದು ನೀವು ವಾದಿಸಿದರೆ ಒಪ್ಪುತ್ತೇನೆ. ಲಿಪಿಡ್ ಎಂಬ ಇನ್ನೊಂದು ಪ್ರಯೋಗ ಆರು ವರ್ಷದಷ್ಟು ನಡೆಯಿತು. ಹೃದಯ ಕಾಯಿಲೆ ಇದ್ದ 9,014 ಜನ, ಪ್ರಾವಾಸ್ಟಾಟಿನ್ 40. ಅಲ್ಲೂ ಮೂಳೆ ಮುರಿತ ಹೆಚ್ಚಲಿಲ್ಲ, ಕಡಿಮೆಯೂ ಆಗಲಿಲ್ಲ.

ಕಡಿಮೆ ಆಗಲಿಲ್ಲ ಎಂದು ಒತ್ತಿ ಹೇಳಲು ಕಾರಣವಿದೆ. ಇಂದು ಎಲುಬು ತಿನ್ನುತ್ತದೆ ಎಂದು ದೂರು ಹೊತ್ತಿರುವ ಈ ಔಷಧಿಯನ್ನು ಒಂದು ಕಾಲಕ್ಕೆ ಎಲುಬು ಕಟ್ಟುವ ಔಷಧಿ ಎಂದು ಹೊಗಳಿದ್ದರು. 1999ರಲ್ಲಿ ಅಮೆರಿಕದ ವಿಜ್ಞಾನಿಗಳು ಇಲಿಗಳಲ್ಲಿ ಸ್ಟಾಟಿನ್ ಹೊಸ ಮೂಳೆ ಬೆಳೆಸುವುದನ್ನು ಕಂಡರು. ಒಂದೇ ಗುಳಿಗೆಯಲ್ಲಿ ಹೃದಯಕ್ಕೂ ಎಲುಬಿಗೂ ಮದ್ದು ಸಿಕ್ಕಿತು ಎಂದು ಸಂಭ್ರಮಿಸಿದರು. ಮನುಷ್ಯರಲ್ಲಿ ಪ್ರಯೋಗ ಮಾಡಿ ನೋಡಿದಾಗ ಆ ಸಂಭ್ರಮ ಇಳಿಯಿತು. ಹೊಗಳಿಕೆ ಯಾವ ಪರೀಕ್ಷೆಯಲ್ಲಿ ಬಿತ್ತೋ ದೂರು ಕೂಡ ಅದೇ ಪರೀಕ್ಷೆಯಲ್ಲಿ ಬಿದ್ದಿದೆ.

ಯಾಕೆ ಹೀಗೆ? ಯಕೃತ್ತಿನಲ್ಲಿ ಕೊಲೆಸ್ಟ್ರಾಲ್ ತಯಾರಾಗುವ ದಾರಿಯನ್ನು ಕಾಲುವೆ ಎಂದುಕೊಳ್ಳಿ, ನಿಮ್ಮ ಕಡೆಯ ಕಾರಂಜಾ ಕಾಲುವೆಯ ಹಾಗೆ. ಸ್ಟಾಟಿನ್ ಮೇಲಿನ ತೂಬನ್ನೇ ಬಿಗಿ ಮಾಡುತ್ತದೆ. ಎಲುಬು ಸವೆತಕ್ಕೆಂದೇ ಕೊಡುವ ಅಲೆಂಡ್ರೊನೇಟ್ ಇದೆಯಲ್ಲ, ಅದು ಮುಚ್ಚುವುದು ಇದೇ ಕಾಲುವೆಯ ಕೆಳಗಿನ ಒಂದು ತೂಬನ್ನು, ಎಲುಬು ಕರಗಿಸುವ ಜೀವಕೋಶಗಳ ಒಳಗೆ. ಮೇಲಿನ ತೂಬು ಮುಚ್ಚಿದರೆ ಕೆಳಗೂ ನೀರು ಕಡಿಮೆಯಾಗಿ ಎಲುಬಿಗೆ ಒಳ್ಳೆಯದೇ ಆಗಬೇಕಿತ್ತು, ಇಲಿಗಳಲ್ಲಿ ಆಸೆ ಹುಟ್ಟಿಸಿದ ವಿಷಯವೂ ಇಂಥದೇ. ಆದರೆ ಬಾಯಿಂದ ನುಂಗಿದ ಸ್ಟಾಟಿನ್ ಬಹುಪಾಲು ಯಕೃತ್ತಿನಲ್ಲೇ ನಿಂತುಬಿಡುತ್ತದೆ. ಎಲುಬಿನವರೆಗೆ ಹೋಗುವುದು ಅಷ್ಟಕ್ಕಷ್ಟೇ.

"ಚರ್ಮದಲ್ಲಿ ವಿಟಮಿನ್ ಡಿ ಆಗುವುದೇ ಕೊಲೆಸ್ಟ್ರಾಲಿನ ನೆಂಟ ವಸ್ತುವಿನಿಂದ, ಅದನ್ನು ತಗ್ಗಿಸಿದರೆ ಡಿ ಎಲ್ಲಿಂದ ಬರಬೇಕು?" ಎಂದೂ ಕೆಲವರು ಕೇಳುತ್ತಾರೆ. ಜಾಣ ಪ್ರಶ್ನೆ. ಆದರೆ ಸ್ಟಾಟಿನ್ ತಗೊಳ್ಳುವವರ ರಕ್ತ ಪರೀಕ್ಷೆಯಲ್ಲಿ ಡಿ ಅದರಿಂದ ಬಿದ್ದದ್ದು ಕಾಣುವುದಿಲ್ಲ.

ಇನ್ನು ತೊಡೆ. ಸ್ಟಾಟಿನ್‌ಗೆ ಸ್ನಾಯುವಿನ ಅಡ್ಡಪರಿಣಾಮ ಇರುವುದು ನಿಜ, ಅದನ್ನು ಅಲ್ಲಗಳೆಯುವ ಡಾಕ್ಟರನ್ನು ನಂಬಬೇಡಿ. ಎಷ್ಟು ಜನಕ್ಕೆ ಎಂಬುದರಲ್ಲಿ ಮಾತ್ರ ಜನರ ಅಂದಾಜು ತಪ್ಪುತ್ತದೆ. 2022ರಲ್ಲಿ ಆಕ್ಸ್‌ಫರ್ಡಿನವರು ಖಾಲಿ ಗುಳಿಗೆ ಇಟ್ಟು ಮಾಡಿದ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸ್ಟಾಟಿನ್‌ನವರಲ್ಲಿ ನೂರಕ್ಕೆ 27.1 ಜನ ಮೈಕೈ ನೋವು ಹೇಳಿದ್ದರು, ಖಾಲಿ ಗುಳಿಗೆಯವರಲ್ಲಿ 26.6. ಗುಳಿಗೆಯಿಂದಲೇ ಬರುವ ನೋವು ಹೆಚ್ಚಾಗಿ ಮೊದಲ ವರ್ಷದಲ್ಲೇ ಬರುತ್ತದೆ, ನಿಲ್ಲಿಸಿದರೆ ಕೆಲವು ವಾರಗಳಲ್ಲಿ ಇಳಿಯುತ್ತದೆ. ನಿಮ್ಮದು ನೋವಿಗಿಂತ ಹೆಚ್ಚಾಗಿ ಶಕ್ತಿಗುಂದುವಿಕೆ, ಮತ್ತು ಏಳು ವಾರ ಬಿಟ್ಟರೂ ಇಳಿದಿಲ್ಲ. ಇಲ್ಲಿ ನನಗೆ ಒಬ್ಬ ರೋಗಿ ನೆನಪಾಗುತ್ತಾರೆ.

ಜೇವರ್ಗಿ ಕಡೆಯ ರೈತರು, ನನ್ನ ಹಳೇ ರೋಗಿ. ತೊಡೆಯಲ್ಲಿ ಬಲ ಇಲ್ಲ, ಬಂಡಿ ಹತ್ತಲು ಆಗುವುದಿಲ್ಲ ಎಂದು ಬರುತ್ತಿದ್ದರು. ನಾನು ಒಂದು ಸ್ಟಾಟಿನ್ ಬದಲಿಸಿ ಇನ್ನೊಂದು ಕೊಟ್ಟೆ, ಅದನ್ನು ಬದಲಿಸಿ ಮತ್ತೊಂದು. ಹೆಚ್ಚುಕಡಿಮೆ ಒಂದು ವರ್ಷ ಹೀಗೇ ಕಳೆಯಿತು. ಒಮ್ಮೆ ತೊಗರಿ ರಾಶಿ ಮುಗಿಸಿಕೊಂಡು ಹೆಂಡತಿಯ ಜೊತೆ ಬಂದರು. "ಎಲ್ಲಾ ಗುಳಿಗಿ ತೋರಸ್ರಿ" ಎಂದೆ. ಅವರು ನಾನು ಬರೆದ ಸ್ಟ್ರಿಪ್‌ಗಳನ್ನು ಮೇಜಿನ ಮೇಲೆ ಇಟ್ಟರು. ಆ ತಾಯಿ ಸೆರಗಿನ ಗಂಟು ಬಿಚ್ಚಿ, ಪೇಪರಿನಲ್ಲಿ ಸುತ್ತಿದ ಒಂದು ಪುಡಿಕೆ ತೆಗೆದರು: ಒಂದು ಹಳದಿ, ಒಂದು ಗುಲಾಬಿ, ಎರಡು ಸಣ್ಣ ಬಿಳಿ. "ಇವು ನಿಮ್ಮವಲ್ರೀ, ಸೊಂಟನೋವಿಂದು." ಆ ಸಣ್ಣ ಬಿಳಿಯವು ಸ್ಟೀರಾಯ್ಡ್. ನಾನು ವರ್ಷಪೂರ್ತಿ "ಬೇರೆ ಏನಾದರೂ ಔಷಧಿ ತಗೋತೀರೇನು?" ಎಂದು ಕೇಳಿದ್ದೆ, ಅವರು "ಇಲ್ರೀ" ಎಂದಿದ್ದರು. ಅವರು ಸುಳ್ಳು ಹೇಳಿರಲಿಲ್ಲ. ಚೀಟಿ ಇಲ್ಲದೆ ಸಿಗುವುದನ್ನು ಅವರು ಔಷಧಿಯ ಲೆಕ್ಕಕ್ಕೇ ಹಿಡಿದಿರಲಿಲ್ಲ. ತಪ್ಪು ನಾನು ಕೇಳಿದ ರೀತಿಯಲ್ಲಿತ್ತು. ಆಮೇಲಿಂದ "ಪುಡಿಕೆ ಏನಾದರೂ ನಡೆದಿದೆಯಾ?" ಎಂದೇ ಕೇಳುತ್ತೇನೆ.

ನಿಮ್ಮ ಪುಡಿಕೆಯಲ್ಲಿ ಏನಿದೆ ಎಂದು ನಾನು ಇಲ್ಲಿ ಕೂತು ಹೇಳಲಾರೆ. ಅನುಮಾನಕ್ಕೆ ಕಾರಣ ಮಾತ್ರ ಹೇಳಬಲ್ಲೆ. ಮಂಡಿನೋವಿಗೆ ಒಂದೂವರೆ ವರ್ಷ ಬಿಡದೆ ಕೆಲಸ ಮಾಡಿದೆ. ಆ ಅವಧಿಯಲ್ಲಿ ಶುಗರ್ 7.1ರಿಂದ 8.9ಕ್ಕೆ ಏರಿದೆ. ಕೂತವರು ಏಳಲು ಆಗದಂತೆ ತೊಡೆ ಸೊರಗಿದೆ, ನೋವಿಲ್ಲದೆ. ನಿಂತ ಎತ್ತರದಿಂದ ಬಿದ್ದದ್ದಕ್ಕೇ ಮಣಿಕಟ್ಟು ಮುರಿದಿದೆ. ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್‌ಗಳು ಈ ನಾಲ್ಕನ್ನೂ ಮಾಡುತ್ತವೆ. ಮುಖ ಗುಂಡಗಾಗಿದೆಯೇ, ಹಸಿವು ಹೆಚ್ಚಿದೆಯೇ, ರವಿಕೆ ಬಿಗಿಯಾಗಿ ಕೈಕಾಲು ಮಾತ್ರ ಸಣಕಲಾಗಿವೆಯೇ, ಕನ್ನಡಿಯಲ್ಲಿ ನೋಡಿಕೊಳ್ಳಿ. ಎರಡು ವರ್ಷದ ಹಿಂದಿನ ಫೋಟೊ ಪಕ್ಕಕ್ಕಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಮೈಮೇಲೆ ಸುಮ್ಮನೆ ನೀಲಿಗಟ್ಟುವುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ, ಸ್ಟೆಂಟಿನ ಗುಳಿಗೆಗಳೂ ಅದನ್ನು ಮಾಡುತ್ತವೆ.

ಸ್ಟೀರಾಯ್ಡ್ ಎಲುಬನ್ನು ಎರಡು ಕಡೆಯಿಂದ ಸವೆಸುತ್ತದೆ. ಎಲುಬು ಕಟ್ಟುವ ಜೀವಕೋಶಗಳನ್ನು ಕುಗ್ಗಿಸುತ್ತದೆ. ಕರುಳಿನಲ್ಲಿ ಕ್ಯಾಲ್ಸಿಯಂ ಹೀರದಂತೆ ತಡೆದು, ಮೂತ್ರದಲ್ಲಿ ಹರಿದುಹೋಗುವಂತೆ ಮಾಡುತ್ತದೆ. ಪ್ರೆಡ್ನಿಸೊಲೋನ್ ದಿನಕ್ಕೆ 5 ಮಿಲಿಗ್ರಾಂನಷ್ಟು ಮೂರು ತಿಂಗಳು ನಡೆದರೂ ಎಲುಬಿನ ಬಗ್ಗೆ ಯೋಚಿಸಲೇಬೇಕು ಎಂಬುದು ನಮ್ಮ ಲೆಕ್ಕ. ಮೊದಲ ತಿಂಗಳುಗಳಲ್ಲೇ ಮುರಿತದ ಅಪಾಯ ಏರುತ್ತದೆ, ನಿಲ್ಲಿಸಿದ ಮೇಲೆ ಇಳಿಯುತ್ತಲೂ ಬರುತ್ತದೆ.

ಹಾಗಂತ ಇದನ್ನು ಓದಿದ ತಕ್ಷಣ ಪುಡಿಕೆಯನ್ನು ತಿಪ್ಪೆಗೆ ಎಸೆಯಬೇಡಿ. ಅದು ಸ್ಟಾಟಿನ್ ಬಿಟ್ಟದ್ದಕ್ಕಿಂತ ದೊಡ್ಡ ಅನಾಹುತ. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದರೆ ಮೂತ್ರಪಿಂಡದ ಮೇಲಿನ ಪುಟ್ಟ ಗ್ರಂಥಿಗಳು ತಮ್ಮ ಪಾಲಿನ ಸ್ಟೀರಾಯ್ಡ್ ಮಾಡುವುದನ್ನೇ ಮರೆತಿರುತ್ತವೆ. ತಟ್ಟನೆ ನಿಲ್ಲಿಸಿದರೆ ವಾಂತಿ, ತಲೆಸುತ್ತು, ಬಿಪಿ ಕುಸಿತ, ಕೆಲವೊಮ್ಮೆ ಜೀವಕ್ಕೇ ಅಪಾಯ. ಪುಡಿಕೆಯನ್ನು ಹಾಗೇ ಎತ್ತಿಕೊಂಡು ಒಬ್ಬ ಫಿಜಿಶಿಯನ್ ಹತ್ತಿರ ಹೋಗಿ; ಬೀದರಿನ ಬ್ರಿಮ್ಸ್ ಆಸ್ಪತ್ರೆ ಆಗಲಿ, ಕಲಬುರಗಿಯ ಜಿಮ್ಸ್ ಆಸ್ಪತ್ರೆ ಆಗಲಿ, ನಿಮಗೆ ಯಾವ ಬಸ್ಸು ಅನುಕೂಲವೋ ಅಲ್ಲಿಗೆ. ಅವರು ಬೆಳಗಿನ ಕಾರ್ಟಿಸೋಲ್ (ಆ ಗ್ರಂಥಿಗಳೇ ಮಾಡುವ ಸ್ಟೀರಾಯ್ಡ್) ನೋಡಿ, ವಾರಗಟ್ಟಲೆ, ತಿಂಗಳುಗಟ್ಟಲೆ ಹಿಡಿದು ಸ್ವಲ್ಪಸ್ವಲ್ಪವೇ ಇಳಿಸುತ್ತಾರೆ. ಇಳಿಸುವಾಗ ಮಂಡಿ ಮತ್ತೆ ಹಟ ಮಾಡುತ್ತದೆ, ಅದನ್ನು ಮೊದಲೇ ತಿಳಿದಿರಿ. ಆಗ ಪ್ಯಾರಾಸಿಟಮಾಲ್, ಮಂಡಿಗೆ ಹಚ್ಚುವ ಡೈಕ್ಲೊಫೆನಾಕ್ ಜೆಲ್, ಕುರ್ಚಿಯಲ್ಲಿ ಕೂತು ಕಾಲು ನೇರ ಚಾಚಿ ಹತ್ತು ಎಣಿಸುವ ವ್ಯಾಯಾಮ. ಡೈಕ್ಲೊಫೆನಾಕ್ ಗುಳಿಗೆ ಮಾತ್ರ ಬೇಡ, ಪುಡಿಕೆಯಲ್ಲಿ ಅದೂ ಇರುವುದುಂಟು. ಸ್ಟೆಂಟ್ ಇರುವ ಹೃದಯಕ್ಕೂ, ಆಸ್ಪಿರಿನ್ ನುಂಗುವ ಹೊಟ್ಟೆಗೂ ಅದು ಒಗ್ಗುವುದಿಲ್ಲ.

ಪುಡಿಕೆಯಲ್ಲಿ ಸ್ಟೀರಾಯ್ಡ್ ಇಲ್ಲ ಎಂದೇ ಇಟ್ಟುಕೊಳ್ಳೋಣ. ಆಗಲೂ ನಿಮ್ಮ ಎಲುಬು ಸವೆಯಲು ಕಾರಣಗಳಿಗೆ ಬರ ಇಲ್ಲ. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಇಳಿದು ಎಲುಬು ಕರಗುವ ವೇಗ ಹೆಚ್ಚುತ್ತದೆ. ಹತ್ತು ವರ್ಷದ ಶುಗರ್ ಎಲುಬಿನ ಗುಣಮಟ್ಟವನ್ನೇ ಕೆಡಿಸುತ್ತದೆ. ಸ್ಕ್ಯಾನ್ ಚೆನ್ನಾಗಿ ಬಂದರೂ ಎಲುಬು ಪೆಡಸಾಗಿರಬಹುದು. ಥೈರಾಯ್ಡ್ ಮಂದವಾಗಿದ್ದರೆ ತೊಡೆಯೂ ಸೊರಗುತ್ತದೆ, ಎಲ್‌ಡಿಎಲ್ಲೂ ಏರುತ್ತದೆ, ಸ್ಟಾಟಿನ್ ಮೇಲೆ ಸುಳ್ಳು ದೂರು ಬರುವುದಕ್ಕೆ ಇದೂ ಒಂದು ದಾರಿ. ವಿಟಮಿನ್ ಡಿ ತೀರಾ ಕಡಿಮೆಯಾದರೂ ಕೂತಲ್ಲಿಂದ ಏಳಲಾಗುವುದಿಲ್ಲ. ಬಿಸಿಲಿಗೇನು ಬರವಿಲ್ಲದ ನಮ್ಮ ಸೀಮೆಯಲ್ಲಿ ಡಿ ಕೊರತೆ ಎಂದರೆ ಜನ ನಗುತ್ತಾರೆ. ಆದರೆ ಬೇಸಿಗೆಯ ನಲವತ್ತು ದಾಟಿದ ಬಿಸಿಲಿಗೆ ಯಾರು ಹೊರಗೆ ಬರುತ್ತಾರೆ? ಬಂದರೂ ತಲೆ ತುಂಬ ಸೆರಗು, ಮೊಣಕೈ ದಾಟಿದ ರವಿಕೆ.

ನೀರಿನದೊಂದು ಮಾತು. ಯಾದಗಿರಿ, ಕಲಬುರಗಿ ಕಡೆಯ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಕೀಲು ಬಿಗಿಯುತ್ತವೆ, ಎಲುಬು ಸ್ಕ್ಯಾನಿನಲ್ಲಿ ದಪ್ಪ ಕಂಡರೂ ಒಳಗೆ ಪೆಡಸು. ನೌಕರಿಯ ಕಾಲದಲ್ಲಿ ಅಂಥ ಊರಲ್ಲಿದ್ದಿರಾದರೆ ಡಾಕ್ಟರಿಗೆ ಹೇಳಿ.

ಮಾಡಿಸಬೇಕಾದ ಪರೀಕ್ಷೆಗಳು: ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಸಿಕೆ, ಥೈರಾಯ್ಡ್ ನೋಡಲು ಟಿಎಸ್‌ಎಚ್, ವಿಟಮಿನ್ ಡಿ, ಕ್ಯಾಲ್ಸಿಯಂ, ಎಲುಬಿನ ಸುಳಿವು ಕೊಡುವ ಆಲ್ಕಲೈನ್ ಫಾಸ್ಫಟೇಸ್, ಮೂತ್ರಪಿಂಡಕ್ಕೆ ಕ್ರಿಯಾಟಿನಿನ್. ಸಿಕೆ ಬಹಳ ಏರಿದ್ದರೆ ಸ್ಟಾಟಿನ್ ಮಾತು ಬೇರೆ. ಸ್ಟೀರಾಯ್ಡ್‌ನಿಂದ ಸೊರಗಿದ ತೊಡೆಯಲ್ಲಿ ಅದು ಸಾಮಾನ್ಯವಾಗಿಯೇ ಇರುತ್ತದೆ. ಎಲುಬು ಎಷ್ಟು ಗಟ್ಟಿ ಎಂದು ಅಳೆಯಲು ಡೆಕ್ಸಾ ಎಂಬ ಎಕ್ಸ್‌ರೇ ಸ್ಕ್ಯಾನ್. ಟಿ ಸ್ಕೋರ್ ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಎಲುಬು ಸವೆತ ಎನ್ನುತ್ತೇವೆ. ಶಿಬಿರಗಳಲ್ಲಿ ಹಿಮ್ಮಡಿ ಇಟ್ಟು ನೋಡುವ ಯಂತ್ರ ಡೆಕ್ಸಾ ಅಲ್ಲ, ಅದರ ಚೀಟಿ ಹಿಡಿದು ಔಷಧಿ ಶುರು ಮಾಡಬೇಡಿ. ಇನ್ನೊಂದು ಪುಕ್ಕಟೆ ಪರೀಕ್ಷೆ ಇದೆ: ಗೋಡೆಗೆ ಬೆನ್ನು ಹಚ್ಚಿ ಎತ್ತರ ಅಳೆಯಿರಿ. ವಯಸ್ಸಿನಲ್ಲಿದ್ದಾಗಿನ ಎತ್ತರಕ್ಕಿಂತ 4 ಸೆಂಟಿಮೀಟರ್ ಕುಗ್ಗಿದ್ದರೆ ಬೆನ್ನುಮೂಳೆ ಸದ್ದಿಲ್ಲದೆ ಕುಸಿದಿರಬಹುದು, ಎಕ್ಸ್‌ರೇ ಬೇಕು.

ಸ್ಟಾಟಿನ್ ವಿಷಯದಲ್ಲಿ ನಿಮ್ಮ ಮುಂದಿರುವ ದಾರಿಗಳು ಹೀಗೆ. ಹಳೇ 40ನ್ನೇ ಮತ್ತೆ ಶುರು ಮಾಡಿ, ಒಂದೂವರೆ-ಎರಡು ತಿಂಗಳಿಗೆ ಎಲ್‌ಡಿಎಲ್ ನೋಡುವುದು. ಸಿಕೆ ಸರಿ ಇದ್ದರೆ ನನ್ನ ಮತ ಇದಕ್ಕೇ, ಯಾಕೆಂದರೆ ಈ ಗುಳಿಗೆಯ ಮೇಲೆ ನನಗೆ ಅಪರಾಧ ಕಾಣುತ್ತಿಲ್ಲ. ಮನಸ್ಸು ಒಪ್ಪದಿದ್ದರೆ 20ಕ್ಕೆ ಇಳಿಸಿ ಜೊತೆಗೆ ಎಜೆಟಿಮೈಬ್ 10 (ಕರುಳು ಕೊಲೆಸ್ಟ್ರಾಲ್ ಹೀರದಂತೆ ತಡೆಯುವ ಗುಳಿಗೆ) ಸೇರಿಸಬಹುದು. ಸ್ಟಾಟಿನ್ ಡೋಸ್ ದುಪ್ಪಟ್ಟು ಮಾಡಿದರೂ ಎಲ್‌ಡಿಎಲ್ ಹೆಚ್ಚುವರಿಯಾಗಿ ಇಳಿಯುವುದು ನೂರಕ್ಕೆ ಆರರಷ್ಟು ಮಾತ್ರ, ಆದ್ದರಿಂದ ಅರ್ಧ ಮಾಡಿದರೆ ಕಳಕೊಳ್ಳುವುದೂ ಅಷ್ಟೇ. ಎಜೆಟಿಮೈಬ್ ಅದನ್ನು ತುಂಬಿಕೊಟ್ಟು ಮೇಲೂ ಉಳಿಯುತ್ತದೆ. ಖರ್ಚು ಸ್ವಲ್ಪ ಹೆಚ್ಚು, ಗುಳಿಗೆ ಒಂದು ಹೆಚ್ಚು. ಸ್ಟಾಟಿನ್ ನಿಜಕ್ಕೂ ಒಗ್ಗದವರಿಗೆ ಬೆಂಪೆಡೊಯಿಕ್ ಆಮ್ಲ ಇದೆ, ಸ್ನಾಯುವಿನಲ್ಲಿ ಅದು ಚುರುಕಾಗುವುದೇ ಇಲ್ಲ, ಆದರೆ ಯೂರಿಕ್ ಆಮ್ಲ ಏರಿಸುತ್ತದೆ. ಆರು ತಿಂಗಳಿಗೊಮ್ಮೆ ಚುಚ್ಚುವ ಇಂಜೆಕ್ಷನ್ ಕೂಡ ಬಂದಿದೆ, ಬೆಲೆ ಕೇಳಿದರೆ ಹಾರ್ಟ್ ಬೀಟ್ ಏರುತ್ತದೆ. ಯಾವುದೂ ಬೇಡ ಎಂದು ಕೂರುವುದು ನಿಮ್ಮಂಥ ಸ್ಟೆಂಟಿನವರ ಮಟ್ಟಿಗೆ ದಾರಿಯೇ ಅಲ್ಲ. ಎಲ್‌ಡಿಎಲ್ 39ರಷ್ಟು ಇಳಿದಾಗಲೆಲ್ಲ ಹಾರ್ಟ್ ಅಟ್ಯಾಕ್, ಲಕ್ವದಂಥ ಆಘಾತಗಳು ಐದರಲ್ಲಿ ಒಂದು ಪಾಲು ಕಡಿಮೆಯಾಗುತ್ತವೆ. ನಿಮ್ಮದು ಈಗ 74 ಮೇಲೇರಿ ಕೂತಿದೆ.

ಎಲುಬಿಗೆ ಬೇರೆಯೇ ಚಿಕಿತ್ಸೆ ಬೇಕು. 61ರಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದದ್ದನ್ನು ಪ್ಲಾಸ್ಟರಿನಲ್ಲೇ ಮುಗಿಸಬಾರದಿತ್ತು. ವಾರಕ್ಕೊಂದು ಅಲೆಂಡ್ರೊನೇಟ್ 70 ಸಾಮಾನ್ಯ ಆಯ್ಕೆ, ಸ್ಟಾಟಿನ್ ಜೊತೆ ಅದಕ್ಕೆ ಜಗಳವಿಲ್ಲ. ಖಾಲಿ ಹೊಟ್ಟೆಯಲ್ಲಿ ಒಂದು ದೊಡ್ಡ ಲೋಟ ನೀರಿನೊಂದಿಗೆ ನುಂಗಿ ಅರ್ಧ ಗಂಟೆ ಮಲಗಬಾರದು, ಚಹಾ ಕೂಡ ಆಮೇಲೆಯೇ. ಇಲ್ಲವಾದರೆ ಅನ್ನನಾಳ ಸುಡುತ್ತದೆ. ಹಲ್ಲು ಕೀಳಿಸುವುದಿದ್ದರೆ ಮೊದಲೇ ಮುಗಿಸಿಕೊಳ್ಳಿ, ಅಪರೂಪಕ್ಕೆ ದವಡೆ ಎಲುಬಿಗೆ ತೊಂದರೆ ಆಗುವುದುಂಟು. ಮೂತ್ರಪಿಂಡ ಬಹಳ ದುರ್ಬಲವಾಗಿದ್ದರೆ ಕೊಡುವುದಿಲ್ಲ. ವಾರವಾರ ನೆನಪಿಡುವುದು ಕಷ್ಟವಾದರೆ ವರ್ಷಕ್ಕೊಮ್ಮೆ ಜೊಲೆಡ್ರೊನಿಕ್ ಆಮ್ಲದ ಡ್ರಿಪ್. ಮೊದಲ ಸಲ ಎರಡು ದಿನ ಜ್ವರ, ಮೈಕೈ ನೋವು ಬರಬಹುದು.

ವಿಟಮಿನ್ ಡಿ ಕಡಿಮೆ ಬಂದರೆ 60,000 ಯುನಿಟ್‌ನ ಸ್ಯಾಶೆ ವಾರಕ್ಕೊಂದು, ಎಂಟು ವಾರ. ವಾರಕ್ಕೊಂದು! ದಿನಕ್ಕೊಂದರಂತೆ ಹಾಲಿಗೆ ಹಾಕಿಕೊಂಡು ಕುಡಿದು, ವಾಂತಿ, ಮಂಪರು ಎಂದು ಬಂದವರನ್ನು ನೋಡಿದ್ದೇನೆ. ಕ್ಯಾಲ್ಸಿಯಂ ಊಟದಿಂದಲೇ ಸಾಧ್ಯವಾದಷ್ಟು ಬರಲಿ, ದಿನಕ್ಕೆ 1,000 ಮಿಲಿಗ್ರಾಂ ಆಸುಪಾಸು. ಜೋಳದ ರೊಟ್ಟಿ ಗಟ್ಟಿ ಊಟ ಹೌದು, ಕ್ಯಾಲ್ಸಿಯಂ ಲೆಕ್ಕದಲ್ಲಿ ಮಾತ್ರ ಬಡವ: ನೂರು ಗ್ರಾಂ ಜೋಳದಲ್ಲಿ 30 ಮಿಲಿಗ್ರಾಂ ಕೂಡ ಇಲ್ಲ, ರಾಗಿಯಲ್ಲಿ 340 ದಾಟುತ್ತದೆ. ಎಳ್ಳಮಾಸಿಗೆ ಎಳ್ಳು ಹಚ್ಚಿ ಬಡಿಯುವ ಸಜ್ಜಿ ರೊಟ್ಟಿ ಹಬ್ಬಕ್ಕಷ್ಟೇ ಯಾಕೆ? ಒಂದು ದೊಡ್ಡ ಚಮಚ ಎಳ್ಳಿನಲ್ಲಿ ನೂರರ ಆಸುಪಾಸು ಇದೆ, ಅದೆಲ್ಲ ಮೈಗೆ ಹತ್ತುವುದಿಲ್ಲ ಎನ್ನಿ. ಹತ್ತುವುದು ಹಾಲು, ಮೊಸರಿನದು. ಬಚ್ಚಲಿಗೆ ಒಂದು ಹಿಡಿಕೆ ಹಾಕಿಸಿ, ಪಾಚಿ ಕಟ್ಟಿದ ಕಲ್ಲು ಉಜ್ಜಿಸಿ.

ನಿಮ್ಮ ಸಣ್ಣ ಪ್ರಶ್ನೆ: ಅಟೊರ್ವಾಸ್ಟಾಟಿನ್ ರಾತ್ರಿಯೇ ಆಗಬೇಕೆಂದಿಲ್ಲ. ದೇಹದಲ್ಲಿ ಅದು ಬಹಳ ಹೊತ್ತು ನಿಲ್ಲುತ್ತದೆ, ಬೆಳಿಗ್ಗೆ ಬಿಪಿ ಗುಳಿಗೆಯ ಜೊತೆ ನುಂಗಿದರೂ ನಡೆಯುತ್ತದೆ. ರಾತ್ರಿ ಎಂಬ ನಿಯಮ ಸಿಮ್ವಾಸ್ಟಾಟಿನ್‌ನಂಥ ಹಳೆಯ ಗುಳಿಗೆಗಳದು. ಚಕ್ಕೋತ ಹಣ್ಣಿನ ಕಾಲದಲ್ಲಿ ಮಾತ್ರ ಬುಟ್ಟಿಗಟ್ಟಲೆ ತಿನ್ನಬೇಡಿ, ಈ ಜಾತಿಯ ಹಣ್ಣುಗಳು ರಕ್ತದಲ್ಲಿ ಅಟೊರ್ವಾಸ್ಟಾಟಿನ್ ಮಟ್ಟ ಏರಿಸಬಲ್ಲವು. ಒಂದೆರಡು ತೊಳೆಗೆ ಏನೂ ಆಗುವುದಿಲ್ಲ.